ಶಮೀಮ್ ಟೀಚರ್ ಹಲಗೆಯ ಎಂಟು ಬೇರಿಂಗು

ಕೊರೋನಾ ಮುಗಿದು ಶಾಲೆಗಳು ಪೂರ್ತಿ ಬಾಗಿಲು ತೆರೆದ ವರ್ಷ. ನಾನಾಗ ಯಾದಗಿರಿಯ ಒಂದು ಸಂಸ್ಥೆಯ ಸಲಕರಣೆ ವಿಭಾಗದಲ್ಲಿ ಹಿರಿಯ ತಂತ್ರಜ್ಞನಾಗಿದ್ದೆ. ಕಾಲು ಸೋತವರಿಗೆ ವ್ಹೀಲ್‌ಚೇರು, ಮೂರು ಗಾಲಿಯ ಸೈಕಲ್ಲು, ಊರುಗೋಲು ಹೊಂದಿಸಿ ಕೊಡುವುದು, ಕೆಟ್ಟರೆ ದುರಸ್ತಿ ಮಾಡುವುದು, ಒಂದು ಸಲಕರಣೆ ಬಳಸಲು ಯೋಗ್ಯವೋ ಅಲ್ಲವೋ ಎಂದು ವರದಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಹೀಗೆ ಸಹಿ ಹಾಕಿದ್ದೆ. ಆ ಸಹಿಯಿಂದ ಒಬ್ಬರ ನೌಕರಿ ಹೋಗಬಹುದು ಅನ್ನುವುದು ಮಾತ್ರ ಅಲ್ಲಿಯತನಕ ತಲೆಗೆ ಹೊಳೆದಿರಲಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ನಾನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಫಿಟ್ಟರ್ ಆಗಿದ್ದವನು. ಕಾಲುವೆಯ ಗೇಟು ಎತ್ತುವ ಯಂತ್ರಗಳಿಗೆ ಗ್ರೀಸು ತುಂಬಿ ತುಂಬಿ ಬೆರಳ ಸಂದಿ ಕಪ್ಪಾಗಿತ್ತು. ಅಲ್ಲಿನ ಮೇಸ್ತ್ರಿ ನಮಗೆ ಹೇಳಿಕೊಟ್ಟದ್ದು ಒಂದೇ ಪಾಠ: ಬೇರಿಂಗಿನಿಂದ ಹೊರಗೆ ಹೊಮ್ಮುವ ತನಕ ಗ್ರೀಸು ಒತ್ತಬೇಕು. ಟನ್ನುಗಟ್ಟಲೆ ತೂಗುವ, ನಿಮಿಷಕ್ಕೆ ಒಂದು ಗೇಣು ಸರಿಯುವ ಗೇಟಿಗೆ ಅದು ಸರಿಯಾದ ಪಾಠವೇ. ನಾನು ಅದನ್ನು ಸಿಕ್ಕ ಸಿಕ್ಕ ಗಾಲಿಗೆಲ್ಲ ಹಚ್ಚಿಕೊಂಡು ಬಂದೆ, ಅಷ್ಟೇ ನನ್ನ ಬುದ್ಧಿ.

ಸುರಪುರದಲ್ಲಿ ನಮ್ಮದೊಂದು ದುರಸ್ತಿ ಶಿಬಿರ ನಡೆದಾಗ ಶಮೀಮ್ ಬಾನು ಬಂದರು. ರಂಗಂಪೇಟೆಯವರು, ವಯಸ್ಸು ಮೂವತ್ತೊಂದು. ಎರಡು ವರ್ಷದ ಕೂಸಾಗಿದ್ದಾಗಲೇ ಪೋಲಿಯೊ ಎರಡೂ ಕಾಲಿನ ಬಲ ಕಸಿದಿತ್ತು. ದೇವಾಪುರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಶಾಲೆಯ ಹೆಸರು ಬೇಡ. ಆಟೋದಿಂದ ತೋಳಿನ ಬಲದಲ್ಲೇ ಕೆಳಗಿಳಿದವರು ಒಂದು ಹಲಗೆಯ ಮೇಲೆ ಕೂತು ಸರ್ರನೆ ನನ್ನ ಮೇಜಿನ ತನಕ ಬರಬೇಕಿತ್ತು. ಬಂದದ್ದು ಕಿರ್ರೋ ಎಂದು ಕಿರುಚುತ್ತ. ಇಡೀ ಶಿಬಿರ ತಿರುಗಿ ನೋಡಿತು.

ಅದು ಸ್ಕೇಟ್‌ಬೋರ್ಡು. ದೊಡ್ಡ ಊರಿನ ಹುಡುಗರು ಮೇಲೆ ನಿಂತು ಜಿಗಿದಾಡುತ್ತಾರಲ್ಲ, ಅದೇ. ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಲ್ಲಿ ಅವರ ಅಣ್ಣನ ಕಣ್ಣಿಗೆ ಬಿದ್ದು ಮನೆಗೆ ಬಂದಿತ್ತು. ಮೇಲೆ ರೆಕ್ಸಿನ್ನಿನ ದಿಂಬು. ಎರಡೂ ಕೈಯಲ್ಲಿ ಹಿಡಿಕೆ ಬಡಿದ ಮರದ ತುಂಡು, ಅದರ ತಳಕ್ಕೆ ಹವಾಯಿ ಚಪ್ಪಲಿಯ ರಬ್ಬರು. ತುಂಡನ್ನು ನೆಲಕ್ಕೆ ಊರಿ ತಳ್ಳಿದರೆ ಹಲಗೆ ಓಡುತ್ತದೆ.

"ಟೀಚರ್, ವ್ಹೀಲ್‌ಚೇರ್ ಕೊಡ್ತೀವಿ, ಅರ್ಜಿ ಬರೀರಿ," ಎಂದೆ. ಎಲ್ಲರಿಗೂ ಹೇಳುವ ಮಾತು.

"ಮನ್ಯಾಗ ಒಂದು ಐತ್ರಿ ಸರ. ರಸ್ತಾಕ್ಕ ಅದು ಬೇಕು. ಕ್ಲಾಸಿನ್ಯಾಗ ಬ್ಯಾಡ," ಎಂದರು. "ನಂದು ನಲಿಕಲಿ. ಮಕ್ಕಳು ನೆಲದ ಮ್ಯಾಲ ಕುಂದರ್ತಾವ. ನಾ ಕುರ್ಚಿ ಮ್ಯಾಲ ಕುಂತ್ರ ನನ್ನ ಮಾರಿ ನೋಡಾಕ ಅವು ಕುತ್ತಿಗಿ ಎತ್ತಬೇಕು, ಅವರ ಪಾಟಿ ನೋಡಾಕ ನಾ ಬೀಳಬೇಕು."

ನಲಿಕಲಿ ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಸುತ್ತು ಕೂತು ಕಲಿಯುವುದು. ಶಿಕ್ಷಕಿ ಒಂದು ಗುಂಪಿನಿಂದ ಎದ್ದು ಇನ್ನೊಂದು ಗುಂಪಿನ ನಡುವೆ ಹೋಗಿ ಕೂರಬೇಕು, ದಿನಕ್ಕೆ ನೂರು ಸಲ. ಶಮೀಮ್ ಟೀಚರ್ ಏಳುವ ಪ್ರಶ್ನೆಯೇ ಇಲ್ಲ, ಹಲಗೆ ತಳ್ಳಿದರೆ ಆಯಿತು. ಯೋಚಿಸಿ ನೋಡಿದರೆ ಆ ಕೋಣೆಗೆ ಅದಕ್ಕಿಂತ ಒಳ್ಳೆಯ ಸಲಕರಣೆ ನಮ್ಮ ಗೋದಾಮಿನಲ್ಲೇ ಇರಲಿಲ್ಲ.

ಹಲಗೆಯನ್ನು ಮಗುಚಿ ಹಾಕಿದೆ. ನಾಲ್ಕು ಗಾಲಿ, ಗಾಲಿಗೆ ಎರಡರಂತೆ ಎಂಟು ಬೇರಿಂಗು. 608 ಎಂಬ ಅಳತೆಯವು: ಒಳರಂಧ್ರ 8 ಮಿಲಿಮೀಟರ್, ಹೊರಸುತ್ತು 22, ದಪ್ಪ 7. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಒಳಗೆ ಏಳು ಉಕ್ಕಿನ ಗುಂಡುಗಳು ಒಂದು ಕಾಲುವೆಯಂಥ ಗೀರಿನಲ್ಲಿ ಉರುಳುತ್ತವೆ, ಧೂಳು ಹೋಗದಂತೆ ಪಕ್ಕದಲ್ಲಿ ತೆಳುವಾದ ಮುಚ್ಚಳ ಇರುತ್ತದೆ. ನಮ್ಮ ಕಡೆಯ ಎರೆಮಣ್ಣು ಅದೆಲ್ಲಿ ಮುಚ್ಚಳಕ್ಕೆ ಕೇಳುತ್ತದೆ? ಸಂದಿಯಲ್ಲೆಲ್ಲ ಕಪ್ಪು ಹಿಟ್ಟು. ನಾನು ಮುಚ್ಚಳ ಬಿಚ್ಚುವ ಗೋಜಿಗೆ ಹೋಗಲಿಲ್ಲ. ಗಾಲಿ ಸಮೇತ ಸೀಮೆಎಣ್ಣೆಯಲ್ಲಿ ಅದ್ದಿ, ಅಲುಗಾಡಿಸಿ, ಬಟ್ಟೆಯಲ್ಲಿ ಒರೆಸಿ, ಲಾರಿಗೆ ಹಾಕುವ ಗ್ರೀಸನ್ನು ಮುಚ್ಚಳದ ಸಂದಿಯಲ್ಲಿ ಹೊಮ್ಮುವ ತನಕ ಒತ್ತಿದೆ.

ಟೀಚರ್ ನೋಡುತ್ತಲೇ ಇದ್ದರು. "ಸರ, ಇಷ್ಟ್ಯಾಕ ಮೆತ್ತಾಕತ್ತೀರಿ? ನಮ್ಮಮ್ಮ ಹೊಲಿಗಿ ಮಿಷನ್ನಿಗೆ ಹಾಕೋ ಎಣ್ಣಿ ಎರಡ ಹನಿ ಬಿಡ್ತಿದ್ದೆ ನಾ. ಮುಚ್ಚಳ ತಗದು, ತೊಳದು, ಎರಡ ಹನಿ. ಮಳಿಗಾಲದಾಗ ತೊಳಿಯೋದು ತಪ್ಪಿ ಹಿಂಗಾತು."

ನಾನು ನಕ್ಕೆ. "ಟೀಚರ್, ಹೊಲಿಗೆ ಮಿಷನ್ ಬೇರೆ, ಗಾಡಿ ಬೇರೆ. ಇನ್ಮುಂದ ಆ ಎಣ್ಣಿ ಮುಟ್ಟಬ್ಯಾಡ್ರಿ." ಆ ನಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಿರುಚುವುದು ನಿಂತಿತು, ಅವರು ಹೋದರು, ನಾನು ಬೀಗಿದೆ.

ಎರಡು ವಾರ ಕಳೆದಿರಬೇಕು, ಒಂದು ಪತ್ರ ಬಂತು. ಅತಿಥಿ ಶಿಕ್ಷಕರನ್ನು ಮುಂದುವರಿಸುವ ಅಧಿಕಾರ ಇದ್ದ ಒಬ್ಬ ಸಾಹೇಬರು ಬರೆಸಿದ್ದು. ಶಾಲೆ ನೋಡಲು ಬಂದಿದ್ದ ಯಾರೋ ಒಬ್ಬ ಶಮೀಮ್ ಟೀಚರ್ ಫೋಟೋ ತೆಗೆದು, 'ಪಾಪ, ನೆಲದ ಮೇಲೆ ತೆವಳುತ್ತ ಪಾಠ ಮಾಡುವ ಶಿಕ್ಷಕಿ' ಎಂದು ವಾಟ್ಸಾಪಿನಲ್ಲಿ ಹರಿಬಿಟ್ಟಿದ್ದ. ಸಾಹೇಬರಿಗೆ ಮೇಲಿನಿಂದ ಫೋನು ಬಂದಿತ್ತು. ಅವರಿಗೆ ಹೊಳೆದ ಪರಿಹಾರ ಸುಲಭದ್ದು: ಹಲಗೆ ಅಸುರಕ್ಷಿತ ಎಂದು ನಾವು ಬರೆದುಕೊಡಬೇಕು, ಟೀಚರ್ ವ್ಹೀಲ್‌ಚೇರಿನಲ್ಲೇ ಪಾಠ ಮಾಡಬೇಕು, ಆಗದಿದ್ದರೆ ಮುಂದಿನ ತಿಂಗಳಿಂದ ಅವರನ್ನು ಮುಂದುವರಿಸುವುದಿಲ್ಲ. ಪರಿಶೀಲನೆಯ ದಿನ ನಾನು ಹಾಜರಿರಬೇಕೆಂದು ಆದೇಶವಾಯಿತು.

ನನಗೆ ಭಯವೇನೂ ಇರಲಿಲ್ಲ. ನಾನೇ ದುರಸ್ತಿ ಮಾಡಿದ ಹಲಗೆ, ಬೆಣ್ಣೆಯ ಹಾಗೆ ಓಡುತ್ತದೆ, ಸಾಹೇಬರು ಬಾಯಿ ಮುಚ್ಚಿಕೊಂಡು ಹೋಗುತ್ತಾರೆ ಎಂದುಕೊಂಡೇ ಹೋದೆ.

ಬೆಳಿಗ್ಗೆ ಹನ್ನೊಂದು ಗಂಟೆ. ಕೋಣೆಯಲ್ಲಿ ಐದು ಗುಂಪು ಮಕ್ಕಳು. ಬಾಗಿಲಲ್ಲಿ ಸಾಹೇಬರು, ಮುಖ್ಯ ಗುರುಗಳು, ನಾನು. "ನಡಸ್ರಿ ನಿಮ್ಮ ಗಾಡಿ," ಎಂದರು ಸಾಹೇಬರು. ಟೀಚರ್ ತುಂಡು ಊರಿ ತಳ್ಳಿದರು. ಹಲಗೆ ಒಂದು ಮೊಳ ಹೋಗಿ ನಿಂತಿತು. ಇನ್ನೊಮ್ಮೆ ತಳ್ಳಿದರು, ಕತ್ತಿನ ನರ ಉಬ್ಬಿತು. ಮುಂದಿನ ಎಡಗಾಲಿ ತಿರುಗದೆ ನೆಲಕ್ಕೆ ತೀಡುತ್ತಿತ್ತು. ಒಂದು ಮಗು ಎದ್ದು ಬಂದು ಹಿಂದಿನಿಂದ ದೂಡಲು ನಿಂತಿತು. ಟೀಚರ್ ಅದನ್ನು ಕೂರಿಸಿದರು.

"ನಿಮ್ಮ ಕಣ್ಣಮುಂದನ ಬಂದ್ ಬಿತ್ತಲ್ರಿ," ಎಂದರು ಸಾಹೇಬರು ನನಗೆ. "ಇನ್ನೇನು ನೋಡೋದೈತಿ? ಬರೀರಿ."

ಪೆನ್ನು ನನ್ನ ಕೈಯಲ್ಲೇ ಇತ್ತು. ಟೀಚರ್ ನನ್ನನ್ನು ನೋಡಿದರು, ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟಿತ್ತು. "ಬರೀಬ್ಯಾಡ್ರಿ. ನೀವ ತುಂಬಿದ ಗ್ರೀಸು ಅದು. ಮೊದಲು ಬಿಚ್ಚಿ ನೋಡ್ರಿ, ಆಮ್ಯಾಲ ಬರೀರಿ."

ಸಾಹೇಬರು ಗಡಿಯಾರ ನೋಡಿಕೊಂಡರು. ನಾನು, "ಬಿಚ್ಚಿ ನೋಡದ ವರದಿ ಬರ್ಯಾಕ ಬರೂದಿಲ್ರಿ ಸಾಹೇಬ್ರ, ಅದು ನಿಯಮ," ಎಂದೆ. ಅಂಥ ನಿಯಮ ಎಲ್ಲೂ ಇರಲಿಲ್ಲ. ಇರಬೇಕಿತ್ತು.

ಅಂಗಳದಲ್ಲಿ, ಬಿಸಿಯೂಟದ ಒಲೆಯಿಂದ ದೂರದಲ್ಲಿ, ಚಾಪೆ ಹಾಸಿ ಕೂತೆವು. ಟೀಚರ್ ತಮ್ಮ ಚೀಲದಿಂದ 13 ನಂಬರಿನ ಪಾನಾ ತೆಗೆದು ತಾವೇ ನಟ್ಟು ಬಿಚ್ಚಿದರು. ಗಾಲಿಯನ್ನು ಅಚ್ಚಿನ ತುದಿಗೆ ಸಿಕ್ಕಿಸಿ ಮೀಟಿದರೆ ಬೇರಿಂಗು ಟಪ್ಪೆಂದು ಹೊರಬರುತ್ತದೆ. ಆ ಉಪಾಯವನ್ನು ನಾನು ಅವರಿಂದ ಅಲ್ಲಿಯೇ ಕಲಿತೆ. ದುಪಟ್ಟಾದ ಪಿನ್ನು ಕೊಟ್ಟರು, ಅದರ ಮೊನೆಯಿಂದ ಮುಚ್ಚಳ ಎಬ್ಬಿಸಿದೆ. ಒಳಗೆ ನನ್ನ ಗ್ರೀಸು, ಎರೆಮಣ್ಣು, ಚಾಕ್‌ಪೀಸಿನ ಪುಡಿ ಮೂರೂ ಸೇರಿ ಅರೆದ ಹಿಟ್ಟಿನಂತೆ ಗಟ್ಟಿಯಾಗಿದ್ದವು. ಗೇಟಿನ ಯಂತ್ರಕ್ಕೆ ಆ ಗ್ರೀಸು ಕಾವಲು, ಒಬ್ಬ ಹೆಂಗಸಿನ ತೋಳಿನ ಬಲದಲ್ಲಿ ಓಡುವ ಸಣ್ಣ ಬೇರಿಂಗಿಗೆ ಅದೇ ಕೆಸರು. ಮುಚ್ಚಳದ ಸಂದಿಯಿಂದ ಹೊರಗೆ ಹೊಮ್ಮಿದ್ದ ಗ್ರೀಸೇ ದಾರಿಯ ಮಣ್ಣನ್ನೆಲ್ಲ ಹಿಡಿದು ಒಳಗೆ ಕರೆದಿತ್ತು.

ತೊಳೆಯಲು ಪೆಟ್ರೋಲ್ ಬೇಕು. ಮುಖ್ಯ ಗುರುಗಳು ತಮ್ಮ ಬೈಕಿನ ಪೈಪು ಬಿಚ್ಚಿ ಒಂದು ಡಬ್ಬಿ ಪೆಟ್ರೋಲ್ ತಂದಿಟ್ಟರು. ಸಾಹೇಬರು ಅವರನ್ನು ದುರುಗುಟ್ಟಿ ನೋಡಿದರು. ಗುರುಗಳು ನೆಲ ನೋಡುತ್ತ ನಿಂತರು, ಆದರೆ ಡಬ್ಬಿ ವಾಪಸು ಒಯ್ಯಲಿಲ್ಲ.

ಒಂದೊಂದೇ ಬೇರಿಂಗನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ, ಪೆಟ್ರೋಲು ಕಪ್ಪಾಗುವುದು ನಿಲ್ಲುವ ತನಕ. ಬಟ್ಟೆಯ ಮೇಲೆ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದೆವು. ಒದ್ದೆಯಿದ್ದರೆ ಎಣ್ಣೆ ನಿಲ್ಲುವುದಿಲ್ಲ. ಆಮೇಲೆ ಟೀಚರ್ ಚೀಲದಿಂದ ಹೊಲಿಗೆ ಮಿಷನ್ನಿನ ಎಣ್ಣೆಯ ಬುಡ್ಡಿ ತೆಗೆದರು. "ನೀವು ಮುಟ್ಟಬ್ಯಾಡ ಅಂದ್ರಿ, ಮುಟ್ಟಿರಲಿಲ್ಲ. ಈಗ ಮುಟ್ಟಲೇನು?" ಎಂದರು. ನಾನು ತಲೆಯಾಡಿಸಿದೆ. ಬೇರಿಂಗಿಗೆ ಎರಡು ಹನಿ, ಬೆರಳಲ್ಲಿ ಒಂದು ಸುತ್ತು, ಮುಚ್ಚಳ. ನಟ್ಟನ್ನು ಪೂರ್ತಿ ಬಿಗಿದು ಮತ್ತೆ ಕೂದಲೆಳೆಯಷ್ಟು ಸಡಿಲಿಸಿದರು. ಇಲ್ಲದಿದ್ದರೆ ಬೇರಿಂಗು ಅದುಮಿ ಹಿಡಿದಂತಾಗುತ್ತದೆ.

ಏಳು ಬೇರಿಂಗು ಬದುಕಿದವು. ಎಂಟನೆಯದರ ಗೀರಿನಲ್ಲಿ ಗುಳಿ ಬಿದ್ದಿತ್ತು, ಅದಕ್ಕೆ ಮದ್ದಿಲ್ಲ. ಬದಲಿ ಇರಲಿಲ್ಲ, ಭಾರ ಕಡಿಮೆ ಬೀಳುವ ಹಿಂಗಾಲಿಗೆ ಹಾಕಿದೆವು.

ಟೀಚರ್ ಕೋಣೆಯೊಳಗೆ ಹೋಗಿ ಒಮ್ಮೆ ತಳ್ಳಿದರು. ಹಲಗೆ ಬಾಗಿಲಿಂದ ಎದುರು ಗೋಡೆಯ ಗುಂಪಿನ ತನಕ ಒಂದೇ ಉಸಿರಿನಲ್ಲಿ ಹೋಯಿತು, ಟಿಕ್ ಟಿಕ್ ಎನ್ನುತ್ತ. ಅಲ್ಲಿ ಒಂದು ಹುಡುಗಿಯ ಪಾಟಿ ನೋಡಿ, ಒತ್ತಕ್ಷರ ತಿದ್ದಿ, ತಿರುಗಿ ಪಕ್ಕದ ಗುಂಪಿಗೆ ಬಂದರು. ಮಕ್ಕಳಿಗೆ ಇದೆಲ್ಲ ದಿನದ ಮಾತು, ಯಾರೂ ತಲೆ ಎತ್ತಲಿಲ್ಲ.

"ಇನ್ನೂ ಸಪ್ಪಳ ಐತಲ್ಲ," ಎಂದರು ಸಾಹೇಬರು.

"ನಿಮ್ಮ ಬೂಟಿಂದೂ ಸಪ್ಪಳ ಐತ್ರಿ ಸಾಹೇಬ್ರ," ಎಂದರು ಟೀಚರ್. "ಮಕ್ಕಳು ಅದಕ್ಕೂ ಹೊಂದಿಕೊಂಡಾವ."

ನಾನು ಟೇಪು ತೆಗೆದು ಗುಂಪುಗಳ ನಡುವಿನ ದಾರಿ ಅಳೆದೆ: ಇಪ್ಪತ್ತು ಇಂಚು. ನಾವು ಕೊಡುವ ವ್ಹೀಲ್‌ಚೇರಿನ ಅಗಲ ಇಪ್ಪತ್ತಾರು. ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ಬರೆದೆ: ಈ ತರಗತಿಗೆ ವ್ಹೀಲ್‌ಚೇರ್ ಯೋಗ್ಯವಲ್ಲ, ಹಲಗೆ ಯೋಗ್ಯ. ಪರಿಶೀಲನೆಯ ವೇಳೆ ಹಲಗೆ ನಿಂತದ್ದಕ್ಕೆ ಹಲಗೆಯಾಗಲಿ ಬಳಸುವವರಾಗಲಿ ಕಾರಣರಲ್ಲ, ಸುರಪುರದ ಶಿಬಿರದಲ್ಲಿ ಬೇರಿಂಗಿಗೆ ತಪ್ಪಾಗಿ ಗ್ರೀಸು ತುಂಬಿದ ತಂತ್ರಜ್ಞ ಕಾರಣ. ಕೆಳಗೆ ನನ್ನ ಹೆಸರು, ನನ್ನ ಸಹಿ.

ಸಾಹೇಬರು ಓದಿ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮೈಮ್ಯಾಲ ಯಾಕ ಎಳಕೋತೀರಿ? ಗಾಡಿ ಕೆಟ್ಟಿತ್ತು ಅಂತ ಬರದ್ರ ಮುಗೀತು. ಯಾರಿಗೂ ತ್ರಾಸಿಲ್ಲ."

"ಅಕಿಗೆ ಐತಲ್ರಿ," ಎಂದೆ. ಕಾಗದ ವಾಪಸು ತೆಗೆದುಕೊಳ್ಳಲಿಲ್ಲ. ಅಳತೆಯ ಸಮೇತ ಬರೆದದ್ದನ್ನು ಬದಿಗಿಡಲು ಅವರಿಗೆ ದಾರಿ ಉಳಿಯಲಿಲ್ಲ. ಮುಂದಿನ ತಿಂಗಳು ಶಮೀಮ್ ಟೀಚರ್ ಅದೇ ಕೋಣೆಯಲ್ಲಿ, ಅದೇ ಹಲಗೆಯ ಮೇಲಿದ್ದರು. ಈಗಲೂ ಇದ್ದಾರೆ.

ಹೊರಡುವಾಗ ಕ್ಷಮೆ ಕೇಳಿದೆ. ಅವರು ಕೃತಜ್ಞತೆಯಿಂದ ಕಣ್ಣೊರೆಸಿಕೊಂಡರು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ಹಾಗೇನೂ ಆಗಲಿಲ್ಲ. "ನೀವು ನನಗ ಉಪಕಾರ ಮಾಡಿಲ್ರಿ ಸರ. ಕೆಡಿಸಿದ್ರಿ, ಸುದ್ದ ಮಾಡಿದ್ರಿ, ಬರೋಬರ್ ಆತು," ಎಂದು ಹೇಳಿ ಪಾಠಕ್ಕೆ ಮರಳಿದರು. ನನ್ನ ಇಡೀ ಸೇವೆಯಲ್ಲಿ ಇಷ್ಟು ಸರಿಯಾದ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಅದಾದ ಮೇಲೆ ನಾನು ಯಾರ ಸಲಕರಣೆಗೂ ಪಾನಾ ಹಚ್ಚುವ ಮೊದಲು ಒಂದು ಪ್ರಶ್ನೆ ಕೇಳತೊಡಗಿದೆ: ನೀವು ಇದನ್ನು ಇಲ್ಲಿತನಕ ಹೇಗೆ ನೋಡಿಕೊಂಡಿರಿ? ಉತ್ತರ ಪೂರ್ತಿ ಕೇಳುವ ತನಕ ಕೈ ಹಚ್ಚುತ್ತಿರಲಿಲ್ಲ. ದಿನವೂ ಅದರ ಮೇಲೆ ಬದುಕುವವರಿಗೆ ಗೊತ್ತಿರುವುದು ತಿಂಗಳಿಗೊಮ್ಮೆ ನೋಡುವ ನನಗೆ ಗೊತ್ತಿರುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ ಪಾಠ ಇದು, ತಡವಾಗಿ ಕಲಿತೆ.

ನಮ್ಮ ಕಚೇರಿ ಮಾತ್ರ ಸುಮ್ಮನೆ ಬಿಡಲಿಲ್ಲ. ಸಂಸ್ಥೆಯ ಮಾನ ಕಳೆದೆನೆಂದು ಮೆಮೊ ಬಂತು, ಆರು ತಿಂಗಳು ಗೋದಾಮಿನಲ್ಲಿ ಊರುಗೋಲು ಎಣಿಸಲು ಹಾಕಿದರು. ಇಂಥ ತಪ್ಪು ಮತ್ತೆ ಮಾಡುವುದಿಲ್ಲವೆಂದು ಬರೆದುಕೊಡಿ ಎಂದರು. ಬರೆದುಕೊಟ್ಟೆ: ಗ್ರೀಸಿನ ತಪ್ಪನ್ನು ಮತ್ತೆ ಮಾಡುವುದಿಲ್ಲ, ವರದಿಯನ್ನು ಮಾತ್ರ ಮತ್ತೆ ಹಾಗೆಯೇ ಬರೆಯುತ್ತೇನೆ.