ಮಂಗಮ್ಮನ ಬಿಳಿ ಪುಡಿ

ಮಂಗಮ್ಮನ ತಾತ ಮುದ್ದಪ್ಪ ಅಂಬಾಜಿದುರ್ಗದಲ್ಲಿ ನಿಧಿಯಿದೆ ಎಂಬ ಮಾತು ನಂಬಿ, ಮೂರು ತಿಂಗಳು ಬೆಟ್ಟ ಅಗೆದು ಒಂದು ಮುರುಕು ಮಡಕೆ ಹೊತ್ತು ತಂದವನು. ಅಪ್ಪ ಆವಲಪ್ಪ ಊರಿಗೆ ಮೊದಲ ರೇಡಿಯೊ ತಂದು, ವಾರ್ತೆ ಓದುವವನಿಗೆ ದಿನವೂ ಕೈಮುಗಿಯುತ್ತಿದ್ದ. ಕಿವಿಗೆ ಬಿದ್ದದ್ದನ್ನೆಲ್ಲ ನುಂಗುವ ಈ ವಂಶದಲ್ಲಿ ಯಾರನ್ನೂ ನಂಬದೆ ಹುಟ್ಟಿದವಳು ಮಂಗಮ್ಮ.

ಸಾದಲಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟ ಬೇಯಿಸುತ್ತಾಳೆ. ಮನೆಯಲ್ಲಿ ರೇಷ್ಮೆಹುಳು. ಹುಳುಮನೆಗೆ ರೋಗ ಬಾರದಿರಲೆಂದು ನಾವು ಹೊಸಿಲಿಗೆ ಸುಣ್ಣದ ಪುಡಿ ಚೆಲ್ಲುತ್ತೇವೆ. ಹೊರಗಿನವರನ್ನು, ಬೀಗರೇ ಬರಲಿ, ಒಳಗೆ ಬಿಡುವುದಿಲ್ಲ. ಮಂಗಮ್ಮ ಶಾಲೆಯ ಅಡುಗೆಮನೆಗೂ ಅದೇ ಸುಣ್ಣ, ಅದೇ ಕಾನೂನು ಮಾಡಿದಳು.

ಕಳೆದ ವರ್ಷ ಮೊಬೈಲ್ ಚಾನೆಲ್ಲಿನ ರಮೇಶ್‌ಬಾಬು ಬಂದು ಇಣುಕಿದ. "ಯಾರಯ್ಯಾ ನೀನು? ಆಚೆ ನಡಿ!" ಎಂದು ಸೌಟು ಎತ್ತಿದಳು. ಅವನು ಹೊಸಿಲನ್ನಷ್ಟೇ ಮೊಬೈಲಿನಲ್ಲಿ ಸೆರೆಹಿಡಿದುಕೊಂಡು ಹೋಗಿ, ಸಂಜೆಗೆ ಢಣಢಣ ಸಂಗೀತ ಹಾಕಿ ಬಿಟ್ಟ: ಮಕ್ಕಳ ಅಡುಗೆಮನೆಯಲ್ಲಿ ನಿಗೂಢ ಬಿಳಿ ಪುಡಿ!

ಮರುದಿನ ನಲವತ್ತು ಮಕ್ಕಳಲ್ಲಿ ಮೂವತ್ತೆಂಟು ಮನೆಯಿಂದ ಡಬ್ಬಿ ತಂದವು. ಉಣ್ಣುವವರಿಲ್ಲದ ಮೇಲೆ ಅಡುಗೆಯವಳು ಯಾತಕ್ಕೆ? ಬೆಳಗ್ಗೆ ತಮ್ಮ ಹೊಸಿಲಲ್ಲೇ ಅದೇ ಪುಡಿ ತುಳಿದು ಬಂದವರೂ ನಂಬಿದರು. ಮೊಬೈಲಿನಲ್ಲಿ ಬಂದಿತ್ತಲ್ಲ!

ಮುಖ್ಯೋಪಾಧ್ಯಾಯಿನಿ ಶೋಭಾರಾಣಿ, "ಸ್ಪಷ್ಟೀಕರಣ ಬರೆದು ಗೇಟಿಗೆ ಅಂಟಿಸೋಣ" ಎಂದರು.

"ಅದನ್ನ ಮೇಕೆ ತಿನ್ನುತ್ತೆ ಮೇಡಂ. ಅವನನ್ನೂ ಕರೀರಿ, ಊರೋರನ್ನೂ ಕರೀರಿ. ಅವನ ಸುದ್ದಿ ಅವನೇ ನಮ್ಮೆದುರಿಗೆ ಓದ್ಲಿ."

ಶನಿವಾರ ಶಾಲೆಯಂಗಳದಲ್ಲಿ ರಮೇಶ್‌ಬಾಬು ಓದಿದ. ಸಂಗೀತವಿಲ್ಲದೆ ಅದು ಒಂದೂವರೆ ವಾಕ್ಯವಿತ್ತು.

"ಪುಡಿ ಏನೂಂತ ಕೇಳಿದ್ಯೇನಪ್ಪ?" ಎಂದಳು ಇದೇ ಶಾಲೆಯಲ್ಲಿ ಓದುವ ಇಬ್ಬರು ಮೊಮ್ಮಕ್ಕಳ ಅಜ್ಜಿ ವೆಂಕಟರತ್ನಮ್ಮ.

"ಕೇಳೋಕೆ ಬಿಟ್ರೇನಮ್ಮ? ಸೌಟು ತಗೊಂಡು ಬಂದ್ರು!"

ಎಲ್ಲರೂ ಮಂಗಮ್ಮನತ್ತ ತಿರುಗಿದರು.

"ಹೌದು, ಓಡಿಸ್ದೆ. ಹುಳುಮನೆ ಬುದ್ಧೀನ ಇಲ್ಲಿಗೂ ತಂದೆ, ತಪ್ಪೇ. ಈಗ ಬನ್ನಿ ಒಳಕ್ಕೆ, ಒಂದೊಂದೇ ಡಬ್ಬ ತೆಗೆದು ನೋಡಿ."

ನೋಡಿದರು. ಸುಣ್ಣ ಸುಣ್ಣವೇ ಆಗಿತ್ತು. ಆದರೆ ವೆಂಕಟರತ್ನಮ್ಮ ಬೇಳೆಯಲ್ಲಿ ಎರಡು ನುಸಿ ಹಿಡಿದು ರಂಪ ಮಾಡಿದಳು. ಶೋಭಾರಾಣಿ ಅದನ್ನು ಮುಚ್ಚಿಡದೆ, ಬೇಳೆ ವಾಪಸು ಕಳಿಸಿ, ಆ ಸಂಗತಿಯನ್ನೂ ಕರಿಹಲಗೆಯ ಮೇಲೆ ಬರೆಸಿದರು. ರಮೇಶ್‌ಬಾಬು ತನ್ನ ಚಾನೆಲ್ಲಿನಲ್ಲಿ ಸುಣ್ಣ, ನುಸಿ, ತನ್ನ ತಪ್ಪು ಮೂರನ್ನೂ ಹೇಳಿದ. ನಮ್ಮ ಶಾಲೆಯ ಮಾನ ಉಳಿಸಿದ್ದು ಆ ಎರಡು ನುಸಿ: ಅದನ್ನೇ ಮುಚ್ಚಿಡದವರು ಇನ್ನೇನು ಮುಚ್ಚಿಟ್ಟಾರು ಎಂದಿತು ಊರು. ಸೋಮವಾರ ಇಪ್ಪತ್ತೆಂಟು ಮಕ್ಕಳು ಪಂಕ್ತಿಗೆ ಕೂತರು. ಅಂದು ಶುರುವಾದ ಶನಿವಾರದ ಸಭೆ ಈಗಲೂ ನಡೆಯುತ್ತದೆ, ಬೈಗುಳ ಸಮೇತ.

ಆ ಸೋಮವಾರವೇ ರಮೇಶ್‌ಬಾಬು ಹಲ್ಲು ಕಿರಿಯುತ್ತ ಬಂದ. "ಅಮ್ಮಾ, ನಿಮ್ಮ ಮೇಲೆ ಒಂದು ವಿಶೇಷ ಕಾರ್ಯಕ್ರಮ ಮಾಡ್ತೀನಿ. ಹೋದ ಹೆಸರು ವಾಪಸ್ ಬರುತ್ತೆ."

ಮಂಗಮ್ಮ ಸಾರು ತಿರುವುತ್ತಲೇ ಹೇಳಿದಳು: "ಬೇಡ ಕಣಪ್ಪ. ಕೆಡಿಸೋದೂ ನೀನೇ, ತಿದ್ದೋದೂ ನೀನೇ ಆದ್ರೆ ಊರೋರಿಗೇನು ಕೆಲಸ? ಇನ್ನೂ ಹನ್ನೆರಡು ಮಕ್ಕಳು ಡಬ್ಬಿ ತರ್ತಾವೆ. ಅವುಗಳ ಅಮ್ಮಂದಿರ ಜೊತೆ ನಾನೇ ಮಾತಾಡ್ಕೊಳ್ತೀನಿ."