ತಾರಿ ದಡದ ಡಬ್ಬಿ

"ಹೋ...ಯ್!"

ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು, ಹೊಳೆಯ ಈ ದಡದಿಂದ ಆ ದಡಕ್ಕೆ ಹಾಕುತ್ತಿದ್ದ ಕೂಗು. ಮೊದಲ ಕೂಗು ಎದುರಿನ ತೆಂಗಿನ ಸಾಲಿಗೆ ತಾಗಿ ಸಣ್ಣದಾಗಿ ಮರಳಿ ಬರುತ್ತಿತ್ತು. ಎರಡನೆಯದಕ್ಕೆ ಆಚೆ ದೋಣಿಯ ಹಗ್ಗ ಬಿಚ್ಚಿ, ಹುಟ್ಟು ಮರಕ್ಕೆ ಬಡಿದ ಸದ್ದು ಕೇಳಬೇಕು. ಆ ವರ್ಷ ಮಾತ್ರ ಜನ ಕೂಗಿದ್ದೇ ಕೂಗಿದ್ದು. ಆಚೆಯಿಂದ ಏನೂ ಇಲ್ಲ. ನನ್ನ ಮನೆ ದಡಕ್ಕೆ ಹತ್ತಿರ, ಹಾಗಾಗಿ ಒಂದೊಂದು ಕೂಗೂ ನನ್ನ ಅಡುಗೆಮನೆಯ ಕಿಟಕಿಗೆ ಬಂದು ಬೀಳುತ್ತಿತ್ತು.

ಮಿರ್ಜಾನದಿಂದ ಕೆಳಗೆ, ಅಘನಾಶಿನಿ ಅಗಲವಾಗತೊಡಗುವಲ್ಲಿ ಇರುವ ಸಣ್ಣ ತಾರಿ ಅದು. ಒಂದು ದೋಣಿ, ದಾಟಿಸಲು ಒಬ್ಬನೇ ಮನುಷ್ಯ. ಆತನ ಮನೆ ಆಚೆ ದಡದಲ್ಲಿ. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳನ್ನು ಭಟ್ಕಳದ ಹತ್ತಿರ ಮುಟ್ಟಳ್ಳಿಗೆ ಕೊಟ್ಟಿದ್ದ. ಊರಿಗೆಲ್ಲ ಆತ ತಾರಿಯಜ್ಜ. ನನಗಿಂತ ಹೆಚ್ಚೆಂದರೆ ಒಂದೆರಡು ವರ್ಷಕ್ಕೆ ಹಿರಿಯ. ನಾನು ಅಜ್ಜ ಎಂದರೆ ನಗೆಗೇಡು, ಹೆಸರು ಹಿಡಿದರೆ ಸಲಿಗೆ. ಹಾಗಾಗಿ ಏನೂ ಕರೆಯದೆ "ನೀವು" ಎನ್ನುವುದರಲ್ಲೇ ವರ್ಷಗಳು ಕಳೆದವು.

ಆತನಿಗೆ ನಾನು ಅಕ್ಕೋರು. ಒಂದು ದಿನವೂ ಪಾಠ ಹೇಳಿದವಳಲ್ಲ ನಾನು. ಆದರೂ ಇಂಗ್ಲಿಷ್ ಓದಿದ ಹೆಂಗಸೆಂದರೆ ನಮ್ಮ ಕಡೆ ಅಕ್ಕೋರೇ. ಕಾನ್ವೆಂಟಿನ ಹುಡುಗಿ, ಉಚ್ಚಾರ ಕ್ಲಿಯರ್ ಇದೆ ಎಂದು ನನ್ನನ್ನು ಟೆಲಿಫೋನ್ ಎಕ್ಸ್‌ಚೇಂಜಿಗೆ ತೆಗೆದುಕೊಂಡಿದ್ದರು. ಹೊನ್ನಾವರದಲ್ಲಿ ಕೆಲ ಕಾಲ, ಕುಮಟೆಯಲ್ಲಿ ಬಹಳ ಕಾಲ, "ನಂಬರ್ ಪ್ಲೀಸ್" ಎನ್ನುತ್ತಾ ಬೋರ್ಡಿನ ಮುಂದೆ ಕುಳಿತೆ. ಒಂದು ವೈರಿನ ತುದಿಯ ಪಿನ್ನು ಈ ತೂತಿಗೆ, ಇನ್ನೊಂದು ಆ ತೂತಿಗೆ. ಎರಡು ದನಿಗಳು ಸೇರಿದೊಡನೆ ಆಪರೇಟರ್ ಹಿಂದೆ ಸರಿಯಬೇಕು, ಅದು ರೂಲ್. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು. ಅಮ್ಮನೂ ಹೋದ ಮೇಲೆ ಹೊಳೆಯ ಹತ್ತಿರ ಈ ಸಣ್ಣ ಮನೆ ಮಾಡಿಕೊಂಡೆ.

ಆಚೆ ದಡದಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ಹೊಳೆಯ ಕೆಸರಿನಲ್ಲಿ ಚಿಪ್ಪುಮೀನು ಹೆಕ್ಕುವ ಹೆಂಗಸರಿಂದ ತಾಜಾ ಬಳಚು ತರುತ್ತೇನೆ ಎಂಬುದು ನೆಪ. ಈಚೆ ದಡಕ್ಕೂ ಅವರೇ ಬುಟ್ಟಿ ಹೊತ್ತು ತರುತ್ತಿದ್ದರು ಎಂಬುದು ಆತನಿಗೂ ಗೊತ್ತು. ದಾಟುವಾಗ ಮಾತು. ಯಾವ ಹರಿವಿನಲ್ಲಿ ಯಾವ ಮೀನು, ಯಾರ ಮನೆಯ ಹೆಂಚು ಹಾರಿತು, ಮದರ್ ಸುಪೀರಿಯರ್ ನಮಗೆ ಹೇಗೆ ಕಿವಿ ಹಿಂಡುತ್ತಿದ್ದರು. ವಾರದಲ್ಲಿ ನಾನು ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದದ್ದು ಆ ದೋಣಿಯಲ್ಲಿ ಮಾತ್ರ. ಮನೆಯಲ್ಲಿ ಹಾಲಿನವನಿಗೆ "ಅರ್ಧ" ಎಂದರೆ ಮುಗಿಯಿತು.

ಆತನಿಗೆ ಕಿವಿ ಮಂದವಾಗುತ್ತಿದೆ ಎಂದು ಮೊದಲು ತಿಳಿದದ್ದು ನನಗೇ ಇರಬೇಕು. ನನ್ನ ತುಟಿ ನೋಡಿ ಉತ್ತರ ಕೊಡುತ್ತಿದ್ದ. ಮುಖ ತಿರುಗಿಸಿ ಮಾತಾಡಿದರೆ "ಹ್ಞಾ, ಹ್ಞಾ" ಎಂದು ಹುಟ್ಟು ಜೋರು ಮಾಡುತ್ತಿದ್ದ. ಎದುರು ಕುಳಿತವಳ ಮಾತು ಹೇಗೋ ನಡೆದೀತು. ದಡದ ಕೂಗಿಗೆ ತುಟಿ ಎಲ್ಲಿಂದ ಬರಬೇಕು?

ಸಂಕ್ರಾಂತಿಗೆ ಬಂದ ಆತನ ಮಗಳು ನಾನೂ ದೋಣಿಯಲ್ಲಿದ್ದಾಗಲೇ ಶುರುಮಾಡಿದಳು.

"ಅಪ್ಪಾ, ಸಾಕು ಈ ತಾರಿ. ಜನ ಗಂಟ್ಲು ಹರ್ಕಂಡು ಕೂಗ್ತ್ರು, ನೀನು ಬಲೆ ಹೊಲೀತಾ ಕೂಕಂಡಿರ್ತೆ. ಮಳೆಗಾಲದೊಳಗೆ ಮುಟ್ಟಳ್ಳಿಗೆ ಬಾ."

"ಎಂತಕ್ಕೆ? ನಿನ್ನ ಅತ್ತೆ ಬೈಯುದು ಕೇಳುಕಾ?"

"ಕೇಳೂದಿಲ್ಲಲ್ಲ ನಿಂಗೆ, ಅದೇ ಚಲೋ ಆತು!"

ಅದು ಮಾತ್ರ ಕೇಳಿಸಿತು ಆತನಿಗೆ. ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ಕೂಗು ತಪ್ಪಿದ ದಿನ ನಾನೇ ಬತ್ತೆ. ಈಗ ಬಿಡು."

ಕೂಗು ಆಗಲೇ ತಪ್ಪುತ್ತಿತ್ತು. ಮಗಳ ಮಾತನ್ನು ಆತ ನಂಬಲಿಲ್ಲ, ಊರವರು ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ಆತ ಮುಟ್ಟಳ್ಳಿಗೆ ಹೋದರೆ ನನ್ನ ವಾರದಲ್ಲಿ ಏನು ಉಳಿಯುತ್ತದೆ ಎಂದು ಆ ರಾತ್ರಿ ಲೆಕ್ಕ ಹಾಕಿದೆ. ಹಾಲಿನವನು ಉಳಿದ.

ತೋಟದವರು ಮನೆಯಿಂದಲೇ ಪಂಪ್‌ಸೆಟ್ಟು ಚಾಲೂ ಮಾಡಲು ಒಂದು ರಿಮೋಟ್ ಇಟ್ಟುಕೊಳ್ಳುತ್ತಾರೆ. ಅಂಥದೇ ಒಂದನ್ನು ತಾರಿಗೆ ಹಾಕಿದೆ: ಈ ದಡದಲ್ಲಿ ಬಟನ್ನು, ಆಚೆ ಆತನ ಜಗಲಿಯ ಕಂಬಕ್ಕೆ ಕೆಂಪು ದೀಪ. ಒತ್ತಿದರೆ ದೀಪ ಮಿಟುಕುತ್ತದೆ, ಬಲೆ ಹೊಲಿಯುವವನು ತಲೆ ಎತ್ತುತ್ತಾನೆ. ಕಿವಿಗೆ ಕೆಲಸವೇ ಇಲ್ಲ. ಐಡಿಯಾ ನನ್ನದೇ. ವೈರಿಂಗೂ ಬಹುಪಾಲು ನನ್ನದೇ. ಎಕ್ಸ್‌ಚೇಂಜಿನ ಕೈ ಅಷ್ಟು ಬೇಗ ಮರೆಯುವುದಿಲ್ಲ. ಆತನ ಕಡೆಯ ದೀಪಕ್ಕೆ ಸೂರಿನ ಆಸರೆ ಇತ್ತು. ನನ್ನ ಕಡೆಯ ಬಟನ್ನು, ಅದರ ರೇಡಿಯೋ, ಬ್ಯಾಟರಿ ಎಲ್ಲವೂ ಬಯಲಿನ ಕಂಬದ ಮೇಲೆ. ಕೆಳಗೆ ಉಪ್ಪುನೀರು, ಮೇಲೆ ಬಿಸಿಲು. ಅಂಗೈಯಗಲದ ಸೋಲಾರ್ ಪ್ಲೇಟು ಬ್ಯಾಟರಿಯನ್ನು ತುಂಬಿಸುತ್ತಿತ್ತು.

ಮೊದಲು ಹಿಟ್ಟು ತುಂಬಿಡುವ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಎಲ್ಲ ಕೂರಿಸಿದೆ. ವೈರಿಗೆಂದು ಮುಚ್ಚಳದಲ್ಲಿ ತೂತು ಕೊರೆದೆ. ಬೇಸಿಗೆ ಪೂರ್ತಿ ಚೆನ್ನಾಗಿ ನಡೆಯಿತು. ಶಾಲೆಯ ಮಕ್ಕಳು ಸುಮ್ಮನೆ ಒತ್ತಿ ಓಡುವುದು, ಆತ ದೋಣಿ ತಂದು ಖಾಲಿ ದಡ ನೋಡಿ ಬೈಯುವುದು, ಅದೂ ಒಂದು ಗಮ್ಮತ್ತು. ಮೊದಲ ಮಳೆಗೆ ನೀರು ವೈರನ್ನೇ ದಾರಿ ಮಾಡಿಕೊಂಡು ತೂತಿನೊಳಗೆ ಇಳಿಯಿತು. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನೆನೆಯುತ್ತಾ ಬಟನ್ನು ಒತ್ತಿದ್ದೇ ಒತ್ತಿದ್ದು. ನಾನು ಕೊಡೆ ಹಿಡಿದು ಓಡಿ ಹೋದಾಗ ಬುಟ್ಟಿ ಕೆಳಗಿಟ್ಟು ಕಾಯುತ್ತಿದ್ದಳು.

"ಅಕ್ಕೋರೆ, ನಿಮ್ಮ ಡಬ್ಬಿಕಿಂತ ನನ್ನ ಗಂಟ್ಲೇ ಚಲೋ ಇತ್ತು. ಅದು ಆದ್ರೂ ಮಳೆಗೆ ಹಾಳಾಗೂದಿಲ್ಲ."

"ಸ್ವಲ್ಪ ಪೇಷನ್ಸ್ ಇಟ್ಕೊಳ್ಳಿ. ಸರಿ ಮಾಡ್ತೇನೆ."

"ಅದು ನಂಗೆ ಅದೆ. ಮೀನಿಗೆ ಇಲ್ಲ!"

ಎರಡನೆಯ ಸಲ ನಾನು ಭರಣಿಯ ಬುದ್ಧಿ ಓಡಿಸಿದೆ. ನಮ್ಮ ಕಡೆಯ ಹೆಂಗಸರಿಗೆ ಬಿಗಿ ಮುಚ್ಚುವುದೆಂದರೆ ಮಾವಿನ ಮಿಡಿಯ ಭರಣಿ. ಬಟ್ಟೆ ಕಟ್ಟಿ, ಗಾಳಿಯಾಡದಂತೆ ಬಿಗಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಾಗೇ ಡಬ್ಬಿಯ ಸಂದುಗೊಂದೆಲ್ಲ ಅಂಟು ತುಂಬಿ, ಮುಚ್ಚಳದ ಅಂಚಿಗೆ ಮೇಣ ಹಚ್ಚಿ, ತೂತೇ ಇಲ್ಲದ ಹಾಗೆ ಮಾಡಿದೆ. ಹೊರಗಿನಿಂದ ಒಂದು ಹನಿಯೂ ಹೋಗಲಿಲ್ಲ. ಆದರೆ ನಾನು ಮುಚ್ಚಿದ್ದು ಜಿಟಿಜಿಟಿ ಮಳೆಯ ದಿನ. ಒದ್ದೆ ಗಾಳಿಯನ್ನೇ ಒಳಗೆ ಕೂಡಿಹಾಕಿದ್ದೆ. ಬಿಸಿಲು ಬಿದ್ದಾಗ ಅದು ಕಾಯಿತು, ಸಂಜೆ ತಣಿದಾಗ ಗೋಡೆಗಳಿಂದ ಹನಿಹನಿಯಾಗಿ ಇಳಿಯಿತು. ಒಡೆದು ನೋಡಿದರೆ ತಾಮ್ರದ ಪಿನ್ನುಗಳ ಮೇಲೆ ಹಸಿರು ಕಿಲುಬು. ಮಿಡಿ ತನ್ನ ಉಪ್ಪುನೀರಿನಲ್ಲಿ ಬದುಕುತ್ತದೆ, ಪಿನ್ನು ಸಾಯುತ್ತದೆ. ಹೌ ಫೂಲಿಶ್ ಎಂದು ನನಗೆ ನಾನೇ ಬೈದುಕೊಂಡೆ.

ಆ ದಿನಗಳಲ್ಲಿ ದಡದ ಮೇಲೆ ನಿಂತು ಕೆಂಪು ಟವೆಲು ಬೀಸಿದ್ದೂ ಉಂಟು. ದಪ್ಪ ಮಳೆಯಲ್ಲಿ ಕೆಂಪಿರಲಿ, ಮನುಷ್ಯರೇ ಕಾಣುವುದಿಲ್ಲ. ಮಗಳ ಫೋನು ನನಗೇ ಬಂತು. "ಅಪ್ಪಂಗೆ ಈ ಸಲ ಹೇಳಿ ಅಕ್ಕೋರೆ, ನಿಮ್ಮ ಮಾತು ಕೇಳ್ತದೆ ಅವಂಗೆ." ಆತು, ನೋಡುವಾ ಎಂದೆ. ಮರುದಿನ ಬೆಳಿಗ್ಗೆಯೇ ಹೊನ್ನಾವರದ ಬಸ್ಸು ಹತ್ತಿದೆ.

ಬಂದರಿನ ಕಡೆ ಮೀನುಗಾರಿಕೆಯ ಬೋಟುಗಳಿಗೆ ಬೇಕಾದ ದೀಪ, ವೈರ್‌ಲೆಸ್ಸು ಮಾರುವ ಅಂಗಡಿ. ಅಂಗಡಿಯವನು ನನ್ನ ಸೀರೆ, ಕನ್ನಡಕ, ಕೊಡೆ ಎಲ್ಲ ನೋಡಿದ.

"ಎಂತ ಅಕ್ಕೋರೆ, ಬೋಟು ತಗಂಡ್ರಾ?"

"ಇಲ್ಲ. ಒಂದು ಬಟನ್ ಇದೆ. ಅದು ಒದ್ದೆ ಆಗಬಾರದು."

"ಒಂದು ಬಟನ್ನಿಗಾ? ಜಿಪಿಎಸ್ ಕೂರ್ಸೂ ಡಬ್ಬಿ ಅದೆ ಇದು."

"ಹಾಗಿದ್ರೆ ಬಟನ್ನೂ ಕೂತ್ಕೊಳ್ಳಲಿ. ಅದಕ್ಕೂ ಮರ್ಯಾದೆ ಇದೆ."

ಆತ ನಗುತ್ತಾ ಡಬ್ಬಿಗಳನ್ನು ಮೇಜಿನ ಮೇಲೆ ಹರಡಿದ. ಒಂದೊಂದರ ಮೈಮೇಲೂ ಐಪಿ ಎಂದು ಬರೆದು ಎರಡು ಅಂಕಿ. ಮೊದಲಿನದು ಧೂಳಿಗೆ, ಎರಡನೆಯದು ನೀರಿಗೆ. ಅರವತ್ತೈದು ಎಂದರೆ ಪೈಪಿನಿಂದ ನೀರು ಬಿಟ್ಟರೂ ತಡೆಯುತ್ತದೆ. ಅರವತ್ತೇಳು ಎಂದರೆ ಸ್ವಲ್ಪ ಹೊತ್ತು ಮುಳುಗಿದರೂ ತಡೆಯುತ್ತದೆ. ಸಮುದ್ರ ಉಕ್ಕುವ ದೊಡ್ಡ ಭರತಕ್ಕೆ ನಮ್ಮ ಕಂಬದ ಅರ್ಧ ನೀರಿನಲ್ಲಿರುತ್ತದೆ, ಹಾಗಾಗಿ ಅರವತ್ತೇಳೇ ಬೇಕೆಂದೆ. ಉಪ್ಪಿನ ಬಗ್ಗೆ ಮಾತ್ರ ಆ ಅಂಕಿಗಳು ಏನೂ ಹೇಳುವುದಿಲ್ಲ. ಅದನ್ನು ನಾವೇ ಯೋಚಿಸಬೇಕು. ಕಬ್ಬಿಣದ ಡಬ್ಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದ ಲೋಹವಾದರೂ ರೇಡಿಯೋ ಅಲೆಯನ್ನು ಒಳಗೇ ಕಟ್ಟಿಹಾಕುತ್ತದೆ. ಅಗ್ಗದ ಪ್ಲಾಸ್ಟಿಕ್ಕು ಎರಡು ಬೇಸಿಗೆಗೆ ಹಪ್ಪಳ. ಬಿಸಿಲು ತಾಳುವ ಪಾಲಿಕಾರ್ಬನೇಟ್ ಡಬ್ಬಿ ಆರಿಸಿದೆ. ಮುಚ್ಚಳದ ಸುತ್ತ ಎಲ್ಲೂ ಸಂದಿಲ್ಲದೆ ಕೂರುವ ರಬ್ಬರಿನ ಉಂಗುರ, ಸ್ಟೇನ್‌ಲೆಸ್ ಸ್ಕ್ರೂಗಳು, ರಬ್ಬರ್ ಟೊಪ್ಪಿಯ ಬಟನ್ನು.

ಕನೆಕ್ಟರಿಗಾಗಿ ಭಟ್ಕಳದ ಪೇಟೆಯವರೆಗೂ ಹೋದೆ. ತಿರುಗಿಸಿ ಬಿಗಿಯುವ, ಒಳಗೆ ರಬ್ಬರ್ ಇರುವ, ಪಿನ್ನಿಗೆ ಚಿನ್ನದ ಲೇಪವಿರುವ ಒಂದು ಜೋಡಿ. ಸೋಲಾರ್ ಪ್ಲೇಟಿಗೆ ಅದೊಂದೇ ಸಾಕು. ಒಂದೊಂದು ಜೋಡಣೆಯೂ ನೀರಿಗೆ ಒಂದೊಂದು ಬಾಗಿಲು ಎಂದು ಬೋರ್ಡಿನ ಮುಂದೆ ಕುಳಿತ ವರ್ಷಗಳು ನನಗೆ ಕಲಿಸಿದ್ದವು. ಮಳೆಗಾಲದಲ್ಲಿ ಕಾಲ್ ಕರಕರ ಎಂದರೆ ಎಲ್ಲೋ ಒಂದು ಜಾಯಿಂಟು ಒದ್ದೆ ಎಂದೇ ಅರ್ಥ.

ತೂತನ್ನು ಈ ಸಲ ಡಬ್ಬಿಯ ತಳದಲ್ಲಿ ಕೊರೆದೆ. ವೈರಿನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡಿನ ಮೂಲಕ ಒಳಗೆ ಬಿಟ್ಟೆ. ಬರುವ ವೈರನ್ನು ಮೊದಲು ಕೆಳಗೆ ಜೋಲುಬಿಟ್ಟು ಆಮೇಲೆ ಮೇಲೆ ತಂದೆ. ಹನಿ ಆ ಜೋಲಿನ ತುದಿಯಿಂದಲೇ ಉದುರಿಹೋಗುತ್ತದೆ. ಗಾಳಿಗೆ ಮಾತ್ರ ದಾರಿ ಬಿಟ್ಟು ನೀರನ್ನು ತಡೆಯುವ ಸಣ್ಣ ವೆಂಟ್ ಪ್ಲಗ್ಗೂ ತಳಕ್ಕೇ. ಮಳೆ ಬಿಡುವು ಕೊಟ್ಟು ಬಿಸಿಲು ಚುರುಕಾಗುವ ತನಕ ಕಾದೆ. ಆಮೇಲೆ ತೇವ ಹೀರಿದರೆ ಗುಲಾಬಿಯಾಗುವ ನೀಲಿ ಕಾಳಿನ ಪೊಟ್ಟಣ ಒಳಗಿಟ್ಟು ಮುಚ್ಚಿದೆ.

ಅದು ಕೆಡಲಿಲ್ಲ. ಆಷಾಢದ ಮಳೆಗೂ ಕೆಡಲಿಲ್ಲ, ಅರ್ಧ ಕಂಬ ಮುಳುಗಿದ ದಿನವೂ ಕೆಡಲಿಲ್ಲ. ಒತ್ತಿದರೆ ಆಚೆ ಆತ ಎದ್ದು ನಿಲ್ಲುತ್ತಿದ್ದ. ಮೀನಿನ ಹೆಂಗಸು ಒಂದು ದಿನ ಹೇಳದೆ ಕೇಳದೆ ನನ್ನ ಜಗಲಿಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ಮೀನಿಟ್ಟು ಹೋದಳು. ಮಗಳು ಫೋನ್ ಮಾಡುವುದು ನಿಲ್ಲಿಸಿದಳು. ನಾನು ವಾರಕ್ಕೊಮ್ಮೆ ದಾಟುತ್ತಿದ್ದದ್ದು ವಾರಕ್ಕೆರಡು ಸಲವಾಯಿತು. ಬಳಚು ತಿಂದು ತಿಂದು ಸಾಕಾಗಿತ್ತು.

ಕೆಡದ ಡಬ್ಬಿಯೊಂದು ಇದೆ ಎಂದ ಮಾತ್ರಕ್ಕೆ ಜನ ದಾಟುತ್ತಾರೆಯೇ? ಮನೆಮನೆಗೂ ಸ್ಕೂಟರು ಬಂತು. ಸುತ್ತಾದರೂ ಸೇತುವೆಯ ಮೇಲೆ ಹೋದರೆ ಬೇಗ. ಶಾಲೆಯ ಮಕ್ಕಳಿಗೆ ವ್ಯಾನು. ಮೀನಿನ ಹೆಂಗಸಿನ ಅಳಿಯ ಟೆಂಪೊ ತೆಗೆದುಕೊಂಡ. ದೀಪ ಹತ್ತಿದರೆ ಅದು ಅಕ್ಕೋರೇ ಎಂದು ಆತನಿಗೆ ನೋಡದೆಯೇ ತಿಳಿಯುವ ದಿನ ಬಂತು.

ಒಂದು ಮಧ್ಯಾಹ್ನ ಹೊಳೆಯ ನಡುವೆ ಹುಟ್ಟು ನಿಲ್ಲಿಸಿ ಕೇಳಿದ.

"ಅಕ್ಕೋರೆ, ನಿಮಗೊಬ್ಬರಿಗಾಗಿ ದೋಣಿ ಇಡುದಾ ನಾನು?"

ನಗುತ್ತಲೇ ಕೇಳಿದ್ದು. ಆದರೆ ನನ್ನ ತುಟಿಯನ್ನೇ ನೋಡುತ್ತಿದ್ದ. ಹೌದು, ಇಡಿ ಎಂದರೆ ಸಾಕಿತ್ತು, ಎರಡೇ ಶಬ್ದ. ಇಡೀ ಜೀವಮಾನ ಬೇರೆಯವರ ಮಾತು ಸೇರಿಸಿದವಳಿಗೆ ತನ್ನದೊಂದು ಬಾಯಿಗೆ ಬರಲಿಲ್ಲ. "ಬಳಚು ಮನೆಗೇ ಬರ್ತದಲ್ಲ ಈಗ" ಎಂದೆ.

"ಅದೂ ಹೌದು" ಎಂದು ಹುಟ್ಟು ಹಾಕಿದ.

ಮುಂದಿನ ಮಳೆಗೆ ಮೊದಲೇ ಮಗಳು ಬಂದು ಕರೆದುಕೊಂಡು ಹೋದಳು. ಕೂಗು ತಪ್ಪಿತೆಂದಲ್ಲ, ಕೂಗುವವರೇ ಇರಲಿಲ್ಲ. ದೋಣಿಯನ್ನು ಆಚೆ ದಡದ ಮೇಲೆ ಕವುಚಿಟ್ಟರು. ನಾನು ಸ್ಕ್ರೂ ಬಿಚ್ಚಿ ಡಬ್ಬಿ ತೆರೆದೆ. ಒಳಗೆ ಒಂದು ಚೂರು ತೇವ ಇರಲಿಲ್ಲ. ಕಾಳುಗಳು ಇನ್ನೂ ನೀಲಿ. ಪಿನ್ನುಗಳು ಅಂಗಡಿಯಿಂದ ತಂದಂತೆಯೇ ಹೊಳೆಯುತ್ತಿದ್ದವು. ಯಾಕೋ ಅದನ್ನು ನೋಡಿ ಬಹಳ ಅಳು ಬಂತು.

ದೀಪಾವಳಿ ಕಳೆದ ಮೇಲೆ ಧೈರ್ಯ ಮಾಡಿ ಮುಟ್ಟಳ್ಳಿಗೆ ಹೋದೆ. ಗದ್ದೆ ಕೊಯ್ಲಾಗಿತ್ತು. ಆತ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಮೈ ಸ್ವಲ್ಪ ತುಂಬಿತ್ತು, ಬಿಸಿಲಿನ ಕಪ್ಪು ಇಳಿದಿತ್ತು. ನಾನು ಎದುರು ಬಂದು ನಿಂತರೂ ಮೊದಲು ಗುರುತು ಹತ್ತಲಿಲ್ಲ. ಮಗಳು ಕಿವಿಯ ಹತ್ತಿರ ಬಗ್ಗಿ ಕಿರುಚಿದಳು: "ತಾರಿ ಅಕ್ಕೋರು ಬಂದಾರೆ, ಅಪ್ಪಾ!"

ಮುಖ ಅರಳಿತು. ಎದ್ದು, ಕೈಯನ್ನು ಟವೆಲಿಗೆ ಒರೆಸಿಕೊಂಡು, ನನ್ನ ಹಿಂದಿನ ದಾರಿಯನ್ನೊಮ್ಮೆ ನೋಡಿ ಕೇಳಿದ.

"ಯಾರು ದಾಟ್ಸಿದ್ರು ನಿಮ್ಮನ್ನ?"

ಬಸ್ಸಿನಲ್ಲಿ ಬಂದೆ ಎಂದೆ. ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಿದೆ, ತುಟಿ ನಿಧಾನ ಮಾಡಿ ಹೇಳಿದೆ. ಆತ ನನ್ನ ತುಟಿ ನೋಡುವುದನ್ನು ಬಿಟ್ಟಿದ್ದ. ಮನೆಯಲ್ಲಿ ಎಲ್ಲರೂ ಕಿವಿಗೇ ಕಿರುಚುತ್ತಿದ್ದರು, ಆ ಅಭ್ಯಾಸ ತಪ್ಪಿಹೋಗಿತ್ತು. "ಹ್ಞಾ, ಹ್ಞಾ" ಎಂದು ತಲೆ ಆಡಿಸಿ, ಒಂದು ಎಳನೀರು ಕೊಚ್ಚಿ ನನ್ನ ಕೈಗೆ ಕೊಟ್ಟ. ಕುಡಿದು ಮುಗಿಯುವ ತನಕ ಎದುರೇ ನಿಂತಿದ್ದ. ಆಮೇಲೆ ಮತ್ತೆ ಕಾಯಿಗಳ ರಾಶಿಯ ಪಕ್ಕ ಕುಳಿತ. ಐದರ ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದು ಹೊರಟಾಗ ಆತ ಬೆನ್ನು ಮಾಡಿ ಸುಲಿಯುತ್ತಿದ್ದ. ಬರುತ್ತೇನೆ ಎಂದು ಬೆನ್ನಿಗೇ ಹೇಳಿದೆ.