ಎಂಟು ಖಾನೆ, ಆರು ಹೆಸರು

ಹತ್ತನೇ ಕ್ಲಾಸಿನಲ್ಲಿರುವ ನನ್ನ ದೊಡ್ಡ ಮಗಳು ವಿಜ್ಞಾನದ ನೋಟ್‌ಬುಕ್ ತಂದು ಅಡುಗೆ ಕಟ್ಟೆಯ ಮೇಲೆ ಬಿಚ್ಚಿಟ್ಟಳು. ಪುಟದ ತುಂಬ ಸ್ಕೇಲು ಹಿಡಿದು ಎಳೆದ ಖಾನೆಗಳು. ಕೆಳಗೆ ಅವಳದೊಂದು, ಮೇಲೆ ನಮ್ಮಿಬ್ಬರದು, ಅದರ ಮೇಲೆ ನಾಲ್ಕು, ತುದಿಗೆ ಎಂಟು. ಜೀವಕೋಶದ ಪಾಠ ಮುಗಿದು ಡಿಎನ್‌ಎ ಶುರುವಾಗಿತ್ತು. ಮುತ್ತಜ್ಜ ಮುತ್ತಜ್ಜಿಯರ ತನಕ ಹೆಸರು ತುಂಬಿಕೊಂಡು ಬನ್ನಿ ಅಂದಿದ್ದರಂತೆ ಟೀಚರ್. ಇವಳು ತುಂಬಿದ್ದಳು. ಟೀಚರ್ ಮೇಲಿನ ಸಾಲಿನ ಎರಡು ಖಾನೆಗಳಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ‘ಅವೇ ಹೆಸರು ಮತ್ತೆ ಬಂದಿವೆ, ಮನೆಯಲ್ಲಿ ಕೇಳಿ ತಿದ್ದು’ ಎಂದು ಬರೆದಿದ್ದರು.

“ತಿದ್ದೋದು ಏನದ ಮಮ್ಮಿ?” ಅಂದಳು. “ನಿನ್ನ ಕಡಿ ಮುತ್ಯಾನೂ ಅವನೇ, ಪಪ್ಪಾನ ಕಡಿ ಮುತ್ಯಾನೂ ಅವನೇ. ಬ್ಯಾರೆಯವ್ರಿಗಿ ಎಲ್ಲಿಂದ ತರ್ಲಿ?”

ಅವಳು ಹೇಳಿದ್ದು ಖರೆ. ನನ್ನನ್ನು ಕೊಟ್ಟದ್ದು ನಮ್ಮವ್ವನ ಸ್ವಂತ ಅಣ್ಣನ ಮಗನಿಗೆ. ತನ್ನ ತವರಿನ ಹೊಸ್ತಿಲು ಮಗಳೇ ತುಳಿಯಲಿ ಎಂಬುದು ಅವ್ವನ ಆಸೆ. ಎಂಟು ಖಾನೆಗೆ ನಮ್ಮಲ್ಲಿ ಇದ್ದದ್ದು ಆರೇ ಹೆಸರು.

ಮರುದಿನ ಅವಳು ಟೀಚರಿಗೆ ಹಾಗೆಯೇ ಹೇಳಿದಳಂತೆ. ಅವರು ಕೆಂಪು ಸುತ್ತಿನ ಮೇಲೆ ಬಿಳಿ ಶಾಯಿ ಹಚ್ಚಿ ಅಳಿಸಿ, ಮೆಲ್ಲಗೆ, ನಿಮ್ಮ ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರಾ ಎಂದು ಕೇಳಿದರಂತೆ. ಇವಳು ತಂಗಿಯ ಕಿವಿಯ ಸಂಗತಿ ಹೇಳಿದಳಂತೆ. ಆಮೇಲೆ ಅವರು ಕೂಡಿಸಿಕೊಂಡು ತಿಳಿಸಿದ್ದನ್ನು ಇವಳು ಸಂಜೆ ಅವರೆಕಾಯಿ ಸುಲಿಯುತ್ತ ನನಗೆ ತಿಳಿಸಿದಳು. ಪ್ರತಿಯೊಂದು ಗುಣಕ್ಕೂ ತಾಯಿಯದೊಂದು ಪ್ರತಿ, ತಂದೆಯದೊಂದು ಪ್ರತಿ. ಒಂದು ಕೆಟ್ಟಿದ್ದರೂ ಇನ್ನೊಂದು ಮುಚ್ಚಿಕೊಂಡು ಹೋಗುತ್ತದೆ. ಎರಡೂ ಒಂದೇ ಮನೆಯಿಂದ ಬಂದರೆ ಕೆಟ್ಟ ಎರಡು ಒಂದಕ್ಕೊಂದು ಗಂಟು ಬೀಳುವುದು ಜಾಸ್ತಿ. ಹೇಳುತ್ತ ಹೇಳುತ್ತ ಪಡಸಾಲೆಯಲ್ಲಿ ಬಣ್ಣ ಹಚ್ಚುತ್ತ ಕುಂತಿದ್ದ ತಂಗಿಯ ಕಡೆ ನೋಡಿದಳು. ಸಿಪ್ಪೆ ಯಾವುದು ಕಾಳು ಯಾವುದು ತಿಳಿಯದೆ ಎರಡನ್ನೂ ಒಂದೇ ತಾಟಿಗೆ ಹಾಕತೊಡಗಿದಳು.

ನನಗೆ ಇದು ಹೊಸದಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಈರುಳ್ಳಿ ಪೊರೆ ಬಿಡಿಸಿ ಗಾಜಿನ ಮೇಲಿಟ್ಟು ಜೀವಕೋಶ ತೋರಿಸಿದ್ದರು. ಇಟ್ಟಂಗಿ ಗೋಡೆಯ ಹಾಗೆ ಕಾಣಿಸಿತ್ತು. ಅವರ ಬಿಳಿ ನಿಲುವಂಗಿಯ ತೋಳಿನ ತುದಿಯಲ್ಲಿ ಸಣ್ಣದೊಂದು ಶಾಯಿ ಕಲೆ ಇತ್ತು, ಅದೂ ನೆನಪಿದೆ. ಅನುವಂಶೀಯತೆಯ ಪ್ರಶ್ನೆಗೆ ನಾನು ಪೂರಾ ಅಂಕ ತಗೊಂಡವಳು. ಪಿಯುಸಿ ಮುಗಿದ ಬೇಸಿಗೆಯಲ್ಲಿ ಮಾವನ ಮಗನ ಮುಂದೆ ತಲೆ ತಗ್ಗಿಸಿ ಚಹಾದ ತಟ್ಟೆ ಹಿಡಿದು ನಿಂತಾಗ ಆ ಉತ್ತರ ನನಗೆ ನೆನಪೇ ಬರಲಿಲ್ಲ.

ಸಣ್ಣವಳಿಗೆ ಈಗ ಒಂಬತ್ತು. ಹುಟ್ಟಿನಿಂದಲೇ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಾಳೆ, ದೂರದಿಂದಲೂ ಹಿಡಿಯುತ್ತಾಳೆ. ಎರಡು ವರ್ಷದವಳಿದ್ದಾಗ ಡಾಕ್ಟರು, ಹತ್ತಿರದ ಸಂಬಂಧವೇ ಕಾರಣವಿರಬಹುದು ಎಂದು ನಮ್ಮಿಬ್ಬರನ್ನೇ ಕರೆದು ಹೇಳಿದ್ದರು. ನಾವು ಊರಿಗೆ ಹೋಗಿ, ಕೂಸಿದ್ದಾಗ ಜ್ವರ ಬಂದಿತ್ತಲ್ಲ, ಅದರಿಂದ ಕಿವಿ ಹೋದವು ಅಂದೆವು. ಅವ್ವನಿಗೂ ಅದೇ ಹೇಳಿದೆವು, ದೊಡ್ಡವಳಿಗೂ, ಮುಂದೆ ಸಣ್ಣವಳಿಗೂ.

ಅದೇ ವಾರ ಟೀಚರ್ ಹೇಳಿಕೊಟ್ಟಂತೆ ದೊಡ್ಡವಳು ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯಲು ಕುಂತಳು. ಕಮಲಾಪುರದಿಂದ ನನ್ನ ತಮ್ಮ ಕಳಿಸಿದ್ದ ಕೆಂಪು ಬಾಳೆಹಣ್ಣು. ಕಿವುಚಿ, ಉಪ್ಪು, ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಫ್ರಿಜ್ಜಿನಲ್ಲಿಟ್ಟಿದ್ದ ಸ್ಪಿರಿಟ್ ಅಂಚಿಗೆ ಹನಿಸಿದಳು. ಸ್ವಲ್ಪ ಹೊತ್ತಿಗೆ ಬೆಳ್ಳಗೆ, ಬೆಂದ ಶಾವಿಗೆಯ ತುಣುಕಿನಂಥದ್ದು ಮೇಲೆದ್ದಿತು. ಇದು ನಮ್ಮೊಳಗೂ ಇರ್ತದ, ಕಣ್ಣು ಮೂಗು ಹೆಂಗ ಇರಬೇಕು ಅಂತ ಎಲ್ಲಾ ಇದರಾಗೇ ಬರ್ದಿರ್ತದ ಎಂದು ತುಟಿ ಬಿಡಿಸಿ ಬಿಡಿಸಿ ತಂಗಿಗೆ ಹೇಳಿದಳು. ಸಣ್ಣವಳು ಕಡ್ಡಿಯಿಂದ ಅದನ್ನೆತ್ತಿ ಬೆಳಕಿಗೆ ಹಿಡಿದು, ಜ್ವರ ಇದಕ್ಕ ಬಂದಿತ್ತೇನು ಎಂದು ಬೆರಳಲ್ಲಿ ಕೇಳಿದಳು. ದೊಡ್ಡವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲಾ ತಿಳಿದುಹೋಗಿತ್ತು.

ರಾತ್ರಿ ಊಟಕ್ಕೆ ಕುಂತಾಗ ಅವಳು ಕೇಳಿದ್ದು ಒಂದೇ. “ನಂದೂ ಮಾಮಾಂದೂ ಚಾರ್ಟ್ ಬರೆದ್ರ ಎಷ್ಟು ಹೆಸರು ಉಳೀತಾವ ಮಮ್ಮಿ?”

ನನ್ನ ತಮ್ಮನಿಗೆ ಹೆಣ್ಣು ಸಿಗುತ್ತಿರಲಿಲ್ಲ. ಬಂದವರು ಬಾಳೆ ತೋಟ ನೋಡಿ ಹಣ್ಣು ತಿಂದು, ಹುಡುಗನಿಗೆ ನೌಕರಿ ಇಲ್ಲವಲ್ಲ ಎಂದು ಹೋಗುವರು. ಅಕ್ಕನ ಮಗಳ ಮೇಲೆ ತಮ್ಮನ ಹಕ್ಕು ಎಂಬುದು ನಮ್ಮಲ್ಲಿ ಯಾರೂ ಹೊಸದಾಗಿ ಹೇಳಬೇಕಾದ ಮಾತಲ್ಲ. ಈಗ ಬರೇ ಮಾತು, ಹದಿನೆಂಟು ತುಂಬಿದ ಮೇಲೆ ಮದುವೆ ಎಂದು ಅವ್ವ ತಾನೇ ಗೊತ್ತು ಮಾಡಿ, ಬರುವ ಸಂತೆಯ ದಿನ ಮಕ್ಕಳನ್ನು ಕರಕೊಂಡು ಬಾ ಎಂದು ಹಿಂದಿನ ದಿನವಷ್ಟೇ ಫೋನ್ ಮಾಡಿದ್ದಳು. ಯಜಮಾನರು, ನಿಮ್ಮವ್ವ ನಿಮ್ಮ ತಮ್ಮ, ನೀನೇ ಹೇಳು ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು.

ಕಮಲಾಪುರಕ್ಕೆ ಹೋದೆ. ಅವ್ವ ಹಸಿರು ಇಳಕಲ್ ಸೀರೆಯೊಂದನ್ನು ತೆಗೆದಿಟ್ಟಿದ್ದಳು. ಮಡಿಕೆಯಲ್ಲಿ ಬೇವಿನೆಲೆ ಇನ್ನೂ ಇದ್ದವು. ದೊಡ್ಡವಳ ಹೆಗಲಿಗೆ ಅದನ್ನು ಹಚ್ಚಿ, ತಮ್ಮನಿಗೆ, ನೋಡೋ, ನಿನ್ನ ಕರಿ ಮಾರಿಗಿ ಬೆಳ್ಳನ ಹುಡುಗಿ ಎಂದು ಚಾಷ್ಟಿ ಮಾಡಿದಳು. ಅವನು ಬಾಗಿಲಿಗೆ ಆತು ನಿಂತು ನೆಲ ನೋಡುತ್ತಿದ್ದ. ಅವನನ್ನು ಎತ್ತಿ ಆಡಿಸಿದವಳು ನಾನು. ಸಣ್ಣವಳು ಎಲ್ಲರ ನಡುವೆ ಕುಂತು ಒಬ್ಬೊಬ್ಬರ ಬಾಯನ್ನು ಸರದಿ ಪ್ರಕಾರ ನೋಡುತ್ತಿದ್ದಳು.

ಓದು ಮುಗಿಯಲಿ ಅಂದೆ. ಮುಗೀಲಿ, ಯಾರು ಬ್ಯಾಡ ಅಂದಾರ ಅಂದಳು ಅವ್ವ. ವಯಸ್ಸಿನ ಅಂತರ ಅಂದೆ. ನಿಮ್ಮಪ್ಪಗೂ ನನಗೂ ಎಷ್ಟಿತ್ತು ಕೇಳಿದಿಯಾ ಅಂದಳು. ದೊಡ್ಡವಳ ಕೈ ಸೀರೆಯ ಕೆಳಗೆ ನನ್ನ ಕೈಯನ್ನು ಹಿಡಿದಿತ್ತು, ಉಗುರು ಚುಚ್ಚುವಷ್ಟು. ಇನ್ನೊಂದೇ ಮಾತು ಉಳಿದಿತ್ತು. ಸಣ್ಣವಳನ್ನು ಹಣ್ಣು ತರಲು ಕಳಿಸಿ ನೋಡಿದೆ, ಹೋದಷ್ಟೇ ಬೇಗ ಬಂದು ಎದುರಿಗೇ ಕುಂತಳು.

ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

“ಜ್ವರ ಬಂದಿಲ್ಲವ್ವಾ ಅಕಿಗಿ. ನಾವು ಸುಳ್ಳು ಹೇಳಿದ್ದಿವಿ. ನನಗೂ ಇವರ ಅಪ್ಪಗೂ ರಕ್ತ ಒಂದೇ ಆಗಿ ಹಿಂಗ ಆಗ್ಯಾದ ಅಂತ ಡಾಕ್ಟರು ಹೇಳ್ಯಾರ. ದೊಡ್ಡಕಿ ಮಕ್ಕಳಿಗಿ ಇದು ಬ್ಯಾಡ.”

ತಮ್ಮ ತಲೆಯೆತ್ತಿ, “ಇರ್ಲಿ ಬಿಡಕ್ಕ, ನಾ ಮೊದಲೇ ಒಲ್ಲೆ ಅಂದಿದ್ದೆ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನು ಒಲ್ಲೆ ಅಂದಿದ್ದನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅವ್ವ ಸೀರೆ ಮಡಚಿದಳು. ಅಂಚಿಗೆ ಅಂಚು ಕೂಡಲಿಲ್ಲ, ಬಿಚ್ಚಿ ಮತ್ತೆ ಮಡಚಿದಳು. “ಹಂಗಾದ್ರ ಅಕಿಗಿ ನಾನೇ ಕಿವುಡಿ ಮಾಡಿದ್ನೇನು?” ಅಂದಳು.

ನಾನು ಇಲ್ಲ ಅನ್ನಬೇಕಿತ್ತು. ಮಕ್ಕಳ ಚಪ್ಪಲಿ ಹುಡುಕಲು ಎದ್ದೆ.

ದೊಡ್ಡವಳ ಮದುವೆಯ ಮಾತು ಅಲ್ಲಿಗೇ ನಿಂತಿತು, ಮತ್ತೆ ಯಾರೂ ಎತ್ತಿಲ್ಲ. ಆದರೆ ನಮ್ಮ ಮನೆತನದಲ್ಲಿ ಸಣ್ಣವಳನ್ನು ಎಲ್ಲ ಮಕ್ಕಳ ಹಾಗೆ ಬೈಯುತ್ತಿದ್ದವಳು ನಮ್ಮವ್ವ, ಅವಳ ಆಯಿ, ಒಬ್ಬಳೇ. ಬೇರೆಯವರೆಲ್ಲ ಪಾಪ ಅನ್ನುವಾಗ ಅವಳು ಜಡೆ ಹಿಡಿದು ಜಗ್ಗಿ, ಪುಂಡಿ ಪಲ್ಯ ಬಿಟ್ಟರೆ ನೋಡು ಎಂದು ತಾಟಿನ ಮುಂದೆ ಕೂಡಿಸುವಳು. ಹೋದ ತಿಂಗಳು ನಾವು ಹೋದಾಗ ಮೊಸರಿನ ಗಡಿಗೆ ಇವಳ ಕೈಯಿಂದ ಬಿದ್ದು ಒಡೆಯಿತು. ಅವ್ವ ಬೈಯದೆ ಬಟ್ಟೆ ತಂದು ಒರೆಸಿ, ಇವಳ ಕಾಲಿಗೆ ಚೂರು ಚುಚ್ಚೀತೆಂದು ಎತ್ತಿ ಹೊರಸಿನ ಮೇಲೆ ಕೂಡಿಸಿದಳು. ಮುಖ ಆಚೆ ತಿರುವಿದಳು.

ಬಸ್ಸಿನಲ್ಲಿ ಸಣ್ಣವಳು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಆಯಿ ನನಗ ಯಾಕ ಬೈಲಿಲ್ಲ ಎಂದು ಕೇಳಿದಳು. ಅವತ್ತು ನೀ ಸೆರಗು ಮುಚ್ಚಿ ಏನು ಹೇಳಿದಿ, ಅದಕ್ಕೇನು ಎಂದಳು. ಮಹಾಗಾಂವ ಕ್ರಾಸ್ ದಾಟುವ ತನಕ ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.